ಬಿಳಿಯ ಒಳಪೊರೆ: ಎಳೆಯ ಹೃದಯದ ಅಪರೂಪದ ಕಾಯಿಲೆ ಮತ್ತು ಕಾರಣ ಹುಡುಕುವ ಸರದಿ

ಹೃದಯವನ್ನು ಹೊರಗಿನಿಂದ ಸುತ್ತಿಕೊಂಡಿರುವ ಚೀಲ ಪೆರಿಕಾರ್ಡಿಯಂ. ಒಳಗೆ, ರಕ್ತಕ್ಕೆ ನೇರವಾಗಿ ತಗಲುವ ಗೋಡೆಗೆ ಇನ್ನೊಂದು ಪೊರೆಯಿದೆ, ಅದು ಎಂಡೋಕಾರ್ಡಿಯಂ. ಇಂದಿನ ಮಾತು ಈ ಒಳಪೊರೆಯನ್ನು ಕುರಿತದ್ದು. ಆರೋಗ್ಯವಾಗಿರುವ ಮಗುವಿನಲ್ಲಿ ಇದು ತೀರ ತೆಳು. ಕೆಳಗಿರುವ ಸ್ನಾಯುವಿನ ಕೆಂಪು ಇದರೊಳಗಿಂದ ಹಾಗೆಯೇ ಕಾಣುತ್ತದೆ. ಕೆಲವೇ ಕೆಲವು ಶಿಶುಗಳಲ್ಲಿ, ಹೆಚ್ಚಾಗಿ ವರ್ಷ ತುಂಬುವುದರೊಳಗೆ, ಈ ಪೊರೆ ದಪ್ಪಗಾಗಿ, ಬೆಳ್ಳಗೆ ಹೊಳೆಯುತ್ತ, ಬಲಿತ ಎಳನೀರಿನೊಳಗೆ ಗಂಜಿ ಕಟ್ಟಿದ ಹಾಗೆ ಎಡ ಹೃತ್ಕುಕ್ಷಿಯ ಒಳಮೈಯನ್ನು ಮುಚ್ಚಿಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲ್ಲಿರುವುದು ಕೊಲಾಜೆನ್ ಮತ್ತು ಎಲಾಸ್ಟಿನ್ ನಾರುಗಳ ಒತ್ತಾದ ಪದರಗಳು. 1943ರಲ್ಲಿ ವೈನ್‌ಬರ್ಗ್ ಮತ್ತು ಹಿಮೆಲ್‌ಫಾರ್ಬ್ ಎಂಬ ಅಮೆರಿಕದ ವೈದ್ಯರು ಇದನ್ನು ಎಂಡೋಕಾರ್ಡಿಯಲ್ ಫೈಬ್ರೊಎಲಾಸ್ಟೋಸಿಸ್ ಎಂದು ಕರೆದರು. ಅಲ್ಲಿಂದ ಬಹುಕಾಲ ಇದನ್ನು ತನ್ನಷ್ಟಕ್ಕೆ ನಿಂತ ಒಂದು ರೋಗವೆಂದೇ ಪಠ್ಯಪುಸ್ತಕಗಳು ಎಣಿಸಿದವು. ನಾನು ಇಂದು ವಾದಿಸಲಿರುವುದು ಇದಕ್ಕೆ ಎದುರಾದ ಮಾತನ್ನು. ಬಿಳಿಯ ಪೊರೆ ರೋಗವಲ್ಲ. ಯಾವುದೋ ಸಂಕಟಕ್ಕೆ ಸಿಕ್ಕಿದ ಎಳೆಯ ಹೃದಯ ತೋರುವ ಗುರುತು. ಅದನ್ನು ಕಂಡಾಗ ರೋಗಪತ್ತೆ ಮುಗಿಯುವುದಿಲ್ಲ, ಶುರುವಾಗುತ್ತದೆ. ಹಾಗೆ ಶುರುವಾದ ಹುಡುಕಾಟದಲ್ಲಿ ಯಾವ ಕಾರಣ ಹೆಚ್ಚು ಸಾಮಾನ್ಯ ಎಂಬುದನ್ನು ಬಿಟ್ಟು, ಯಾವ ಕಾರಣಕ್ಕೆ ಚಿಕಿತ್ಸೆ ಇದೆಯೋ ಅದನ್ನು ಮೊದಲು ನೋಡಬೇಕು.

ತಾಯಿಯ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಸಮಯ ಕಳೆದುಹೋಗುವುದು ಅಲ್ಲಿಯೇ. ಮಗು ಮೊಲೆ ಹಿಡಿಯುತ್ತದೆ, ನಾಲ್ಕು ಗುಟುಕು ಕುಡಿಯುವಷ್ಟರಲ್ಲಿ ಸುಸ್ತಾಗಿ ಬಿಟ್ಟುಬಿಡುತ್ತದೆ. ಹಾಲು ಕುಡಿಯುವಾಗ ಹಣೆ, ನೆತ್ತಿ ಬೆವೆಯುತ್ತವೆ. ಉಸಿರಾಟ ವೇಗವಾಗಿರುತ್ತದೆ, ಪಕ್ಕೆ ಒಳಗೆ ಸೆಳೆಯುತ್ತದೆ. ತೂಕ ಏರುವುದಿಲ್ಲ. ಎಳೆಯ ಮಗುವಿಗೆ ಹಾಲು ಕುಡಿಯುವುದೇ ದಿನದ ದೊಡ್ಡ ದುಡಿಮೆ. ಸೋತ ಹೃದಯ ಮೊದಲು ಬಯಲಾಗುವುದು ಆಗಲೇ. ಆದರೆ ಉಸಿರಿನ ವೇಗ ಕಂಡವರು ಕಫ ಎನ್ನುತ್ತಾರೆ, ನ್ಯುಮೋನಿಯ ಎನ್ನುತ್ತಾರೆ, ಆಂಟಿಬಯಾಟಿಕ್ ಕೊಡುತ್ತಾರೆ. ಮನೆಯವರು ದೃಷ್ಟಿಯಾಗಿದೆ ಎಂದುಕೊಳ್ಳುತ್ತಾರೆ. ಇವರಲ್ಲಿ ಯಾರನ್ನೂ ದೂರುವುದು ನ್ಯಾಯವಲ್ಲ, ಏಕೆಂದರೆ ಉಸಿರು ಕಟ್ಟುವ ನೂರು ಮಕ್ಕಳಲ್ಲಿ ಬಹುಪಾಲಿಗೆ ಇರುವುದು ನಿಜವಾಗಿಯೂ ಶ್ವಾಸಕೋಶದ ಸೋಂಕೇ. ಆದರೆ ಜ್ವರವಿಲ್ಲದ ಮಗುವಿನಲ್ಲಿ ಲಿವರ್ ದೊಡ್ಡದಾಗಿದ್ದರೆ, ಎದೆಯ ಎಕ್ಸ್‌ರೇಯಲ್ಲಿ ಹೃದಯದ ನೆರಳು ಅಗಲವಾಗಿದ್ದರೆ, ಎರಡನೇ ಬಾರಿಯೂ ‘ನ್ಯುಮೋನಿಯ’ ಬಂದಿದ್ದರೆ, ಅಲ್ಲಿ ಹೃದಯವನ್ನು ನೋಡದೆ ಮುಂದಕ್ಕೆ ಹೋಗಬಾರದು. ಎಕೋ ಪರೀಕ್ಷೆ ಮಾಡಿದಾಗ ಹಿಗ್ಗಿದ, ದುರ್ಬಲವಾಗಿ ಬಡಿಯುವ ಎಡ ಹೃತ್ಕುಕ್ಷಿಯೂ ಅದರ ಒಳಗೋಡೆಯಲ್ಲಿ ಹೊಳೆಯುವ ಬಿಳಿಯ ಗೆರೆಯೂ ಕಾಣುತ್ತವೆ.

ಈ ಗೆರೆಯನ್ನು ಗುರುತು ಎಂದು ಯಾವ ಆಧಾರದಿಂದ ಕರೆಯುತ್ತೇನೆ? ಮೊದಲನೆಯ ಆಧಾರ, ಒಂದಕ್ಕೊಂದು ಸಂಬಂಧವೇ ಇಲ್ಲದ ಹತ್ತಾರು ಸ್ಥಿತಿಗಳಲ್ಲಿ ಇದೇ ಪೊರೆ ಬೆಳೆಯುತ್ತದೆ. ಮಹಾಪಧಮನಿಯ ಕವಾಟ ಗರ್ಭದಲ್ಲೇ ಕಿರಿದಾಗಿದ್ದರೆ ಬೆಳೆಯುತ್ತದೆ. ವೈರಸ್ ತಗುಲಿ ಹೃದಯಸ್ನಾಯು ಉರಿಯೂತಕ್ಕೆ ಒಳಗಾದಾಗ ಬೆಳೆಯುತ್ತದೆ. ಸ್ನಾಯುವಿಗೆ ರಕ್ತ ಸಾಲದಾದಾಗ, ಇಂಧನ ಸಾಲದಾದಾಗ, ತಾಯಿಯ ಪ್ರತಿಕಾಯಗಳು ಭ್ರೂಣದ ಹೃದಯವನ್ನು ಮುಟ್ಟಿದಾಗಲೂ ಬೆಳೆಯುತ್ತದೆ. ಇಷ್ಟು ಬೇರೆ ಬೇರೆ ಹಾದಿಗಳು ಒಂದೇ ಕಡೆ ಬಂದು ಸೇರುವುದಾದರೆ, ಆ ಕಡೆಯಲ್ಲಿ ಇರುವುದು ಹೃದಯದ ಸ್ವಭಾವವೇ ಹೊರತು ಪ್ರತ್ಯೇಕ ರೋಗವಲ್ಲ. ಅಮೆರಿಕದ ಮಕ್ಕಳ ಹೃದ್ರೋಗ ತಜ್ಞ ಪಾಲ್ ಲೂರಿ ದಶಕಗಳ ಕಾಲ ಈ ಮಾತನ್ನೇ ಪಟ್ಟುಹಿಡಿದು ಬರೆದರು. ಎರಡನೆಯ ಆಧಾರ ಜೀವಕೋಶಗಳ ಮಟ್ಟದ್ದು. ಒಳಪೊರೆಯ ಕೋಶಗಳೇ ತಮ್ಮ ಮೂಲ ಗುಣವನ್ನು ಬಿಟ್ಟು ನಾರು ನೇಯುವ ಕೋಶಗಳಾಗಿ ಮಾರ್ಪಡುತ್ತವೆ ಎಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ. ಮೂರನೆಯದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬಲವಾದದ್ದು, ಮತ್ತು ಅದು ಬಂದಿರುವುದು ಶಸ್ತ್ರಚಿಕಿತ್ಸೆಯಿಂದ. ಎಡ ಹೃದಯ ಸರಿಯಾಗಿ ಬೆಳೆಯದೆ ಹುಟ್ಟುವ ಕೆಲವು ಶಿಶುಗಳಲ್ಲಿ ಬಾಸ್ಟನ್ನಿನ ಶಸ್ತ್ರವೈದ್ಯರು ಈ ಪೊರೆಯನ್ನು ಸುಲಿದು ತೆಗೆದಿದ್ದಾರೆ. ತೆಗೆದಾಗ ಹೃತ್ಕುಕ್ಷಿಗೆ ಹಿಗ್ಗಲು, ಬೆಳೆಯಲು ಎಡೆ ಸಿಗುತ್ತದೆ. ಇದು ದೊಡ್ಡ ಸಾಧನೆಯೇ. ಆದರೆ ಕವಾಟದ ದೋಷ ಉಳಿದು ರಕ್ತ ಸುಳಿಸುಳಿಯಾಗಿ ನುಗ್ಗುತ್ತಲೇ ಇದ್ದರೆ ಸುಲಿದ ಜಾಗದಲ್ಲಿ ಪೊರೆ ಮತ್ತೆ ಹುಟ್ಟುತ್ತದೆ. ಕಾರಣವನ್ನು ಬಿಟ್ಟು ಪೊರೆಯನ್ನಷ್ಟೇ ತೆಗೆದರೆ ಆಗುವುದು ಇದು.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಎಲ್ಲ ಪರೀಕ್ಷೆ ಮಾಡಿದರೂ ಯಾವ ಕಾರಣವೂ ಸಿಗದ ಮಕ್ಕಳಿದ್ದಾರೆ. ಒಂದೇ ಮನೆಯಲ್ಲಿ ಅಣ್ಣನಿಗೂ ತಮ್ಮನಿಗೂ ಬಂದ ನಿದರ್ಶನಗಳಿವೆ. ಹಾಗಾದರೆ ಸ್ವತಂತ್ರವಾದ, ‘ಪ್ರಾಥಮಿಕ’ವಾದ ರೋಗ ಇದೆ ಎಂದಲ್ಲವೆ? ಈ ಪ್ರಾಥಮಿಕ ಎಂಬ ಗುಂಪಿನ ಚರಿತ್ರೆಯನ್ನು ನೋಡಿದರೆ ಉತ್ತರ ಸಿಗುತ್ತದೆ. 1981ರಲ್ಲಿ ಒಂದೇ ಕುಟುಂಬದ ಮಕ್ಕಳನ್ನು ಕಾಡಿದ ಈ ಪೊರೆಯ ಹಿಂದೆ ಕಾರ್ನಿಟೈನ್ ಕೊರತೆ ಇತ್ತೆಂದು ಟ್ರಿಪ್ ಮತ್ತು ಸಂಗಡಿಗರು ತೋರಿಸಿದರು. 1983ರಲ್ಲಿ ನೆದರ್ಲೆಂಡ್ಸಿನ ಪೀಟರ್ ಬಾರ್ತ್, ಗಂಡುಮಕ್ಕಳಿಗೆ ಮಾತ್ರ ಬರುತ್ತಿದ್ದ ಹೃದಯ ದೌರ್ಬಲ್ಯವನ್ನೂ ಬಿಳಿರಕ್ತಕಣಗಳ ಕೊರತೆಯನ್ನೂ ಒಂದೇ ರೋಗವಾಗಿ ಜೋಡಿಸಿದರು. 1996ರಲ್ಲಿ ಅದರ ವಂಶವಾಹಿ ಎಕ್ಸ್ ಕ್ರೋಮೋಸೋಮಿನಲ್ಲಿ ಸಿಕ್ಕಿತು. ಅದಕ್ಕೆ ಮೊದಲು ಅಂಥ ಮನೆಗಳ ಮಕ್ಕಳಲ್ಲಿ ಕೆಲವರನ್ನಾದರೂ ‘ಕುಟುಂಬದಲ್ಲಿ ಬರುವ ಪ್ರಾಥಮಿಕ ಫೈಬ್ರೊಎಲಾಸ್ಟೋಸಿಸ್’ ಎಂದೇ ದಾಖಲಿಸಲಾಗುತ್ತಿತ್ತು. 2002ರಲ್ಲಿ ತಾಯಿಯ ಪ್ರತಿಕಾಯಗಳ ಪಾತ್ರ ಸ್ಪಷ್ಟವಾಯಿತು. ಒಂದೊಂದು ಆವಿಷ್ಕಾರವೂ ಆ ಗುಂಪಿನಿಂದ ಕೆಲವು ಮಕ್ಕಳನ್ನು ಹೊರಗೆ ಕರೆದುಕೊಂಡು ಬಂತು. ಉಳಿದವರಿಗೆಲ್ಲ ಕಾರಣ ನಾಳೆಯೇ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಕಾರಣ ಇನ್ನೂ ಸಿಕ್ಕಿಲ್ಲ ಎನ್ನುವುದಕ್ಕೂ ಕಾರಣವೇ ಇಲ್ಲ ಎನ್ನುವುದಕ್ಕೂ ಇರುವ ಅಂತರ ಒಂದು ಮಗುವಿನ ಪ್ರಾಣದಷ್ಟು ದೊಡ್ಡದು.

ಈಗ ಸರದಿಯ ಮಾತಿಗೆ ಬರುತ್ತೇನೆ. ಮೊದಲು ನೋಡಬೇಕಾದದ್ದು ಹೃದಯಕ್ಕೆ ರಕ್ತ ಕೊಡುವ ಎಡ ಕರೊನರಿ ಧಮನಿ ಎಲ್ಲಿಂದ ಹೊರಟಿದೆ ಎಂಬುದನ್ನು. ಸಹಜವಾಗಿ ಅದು ಮಹಾಪಧಮನಿಯಿಂದ ಕವಲೊಡೆಯುತ್ತದೆ. ಸುಮಾರು 3 ಲಕ್ಷ ಜನನಗಳಲ್ಲಿ ಒಂದರಲ್ಲಿ ಅದು ತಪ್ಪಿ, ಶ್ವಾಸಕೋಶಕ್ಕೆ ಹೋಗುವ ಧಮನಿಯಿಂದ ಹೊರಡುತ್ತದೆ. 1933ರಲ್ಲಿ ಬ್ಲ್ಯಾಂಡ್, ವೈಟ್ ಮತ್ತು ಗಾರ್ಲೆಂಡ್ ಇದರ ಲಕ್ಷಣಗಳನ್ನು ವಿವರಿಸಿದ್ದರಿಂದ ಅವರ ಹೆಸರಿನಲ್ಲೇ ಇದನ್ನು ಕರೆಯುವುದುಂಟು. ಹುಟ್ಟಿದಾಗ ಮಗು ಚೆನ್ನಾಗಿಯೇ ಇರುತ್ತದೆ. ಆಗಿನ್ನೂ ಶ್ವಾಸಕೋಶದ ಧಮನಿಯಲ್ಲಿ ಒತ್ತಡ ಹೆಚ್ಚಿರುವುದರಿಂದ ರಕ್ತ ಹೇಗೋ ಸ್ನಾಯುವಿಗೆ ತಲುಪುತ್ತಿರುತ್ತದೆ. ವಾರಗಳು ಕಳೆದಂತೆ ಆ ಒತ್ತಡ ಇಳಿಯುತ್ತದೆ. ಆಗ ಎಡ ಕರೊನರಿಗೆ ರಕ್ತ ಬರುವುದಿರಲಿ, ಬಲ ಕರೊನರಿಯಿಂದ ಬಂದದ್ದೂ ಹಿಮ್ಮುಖವಾಗಿ ಶ್ವಾಸಕೋಶದ ಕಡೆ ಸೋರಿಹೋಗುತ್ತದೆ. ಎರಡು ಮೂರು ತಿಂಗಳ ಮಗು ಹಾಲು ಕುಡಿಯುವಾಗ ಬಿಳಿಚಿಕೊಂಡು, ಬೆವೆತು, ತಡೆಯಲಾರದಂತೆ ಅಳುತ್ತದೆ. ಮುದುಕರಿಗೆ ಮೆಟ್ಟಿಲು ಹತ್ತುವಾಗ ಬರುವ ಎದೆನೋವೇ ಅದು, ಆದರೆ ಹೇಳಿಕೊಳ್ಳಲು ಮಗುವಿಗೆ ಬಾಯಿಲ್ಲ. ಹೊಟ್ಟೆನೋವೆಂದು ಹನಿ ಔಷಧ ಹಾಕಿ ಸಮಾಧಾನ ಮಾಡುವುದು ಆಗುತ್ತದೆ. ರಕ್ತ ಸಿಗದ ಸ್ನಾಯು ಸಾಯುತ್ತ ಹೋದಂತೆ ಹೃತ್ಕುಕ್ಷಿ ಹಿಗ್ಗುತ್ತದೆ, ಒಳಪೊರೆ ಬೆಳ್ಳಗಾಗುತ್ತದೆ, ಕವಾಟವನ್ನು ಹಿಡಿದಿರುವ ಸ್ನಾಯುಕಂಬಗಳು ಎಕೋದಲ್ಲಿ ಹೊಳೆಯುತ್ತವೆ.

ಚಿಕಿತ್ಸೆ ಮಾಡದೆ ಬಿಟ್ಟರೆ ಇಂಥ ಮಕ್ಕಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಮಂದಿ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆ ಮಾಡಿ ಧಮನಿಯನ್ನು ಮಹಾಪಧಮನಿಗೆ ಹೊಲಿದರೆ ಬಹುಪಾಲು ಮಕ್ಕಳು ಬದುಕುತ್ತಾರೆ. ಬದುಕುವುದಷ್ಟೇ ಅಲ್ಲ, ಸತ್ತೇಹೋಗಿದೆ ಎಂದುಕೊಂಡಿದ್ದ ಸ್ನಾಯುವಿನ ಎಷ್ಟೋ ಭಾಗ ತಿಂಗಳುಗಳಲ್ಲಿ ಚೇತರಿಸಿಕೊಂಡು ಹೃದಯದ ಬಡಿತ ಸಹಜಕ್ಕೆ ಬರುತ್ತದೆ. ಎಳೆಯ ಹೃದಯಕ್ಕೆ ಇರುವ ಈ ಚೇತರಿಕೆಯ ಶಕ್ತಿ ವಯಸ್ಕರ ಹೃದಯಕ್ಕೆ ಅಷ್ಟಾಗಿ ಇಲ್ಲ. ಇದನ್ನು ಕಂಡುಹಿಡಿಯಲು ಬೇಕಾದದ್ದೇನು? ಐದು ನಿಮಿಷದ ಇಸಿಜಿ, ಅದರಲ್ಲಿ ಎಡಬದಿಯ ಲೀಡುಗಳಲ್ಲಿ ಆಳವಾದ ಕ್ಯೂ ಅಲೆ. ಎಕೋ ಮಾಡುವವರು ಬಣ್ಣದ ಡಾಪ್ಲರ್ ಹಾಕಿ ಎಡ ಕರೊನರಿಯಲ್ಲಿ ರಕ್ತ ಯಾವ ದಿಕ್ಕಿಗೆ ಹರಿಯುತ್ತಿದೆ ಎಂದು ನೋಡುವಷ್ಟು ತಾಳ್ಮೆ. ಅನುಮಾನ ಉಳಿದರೆ ಸಿಟಿ ಆಂಜಿಯೊಗ್ರಾಮ್. ಹಿಗ್ಗಿದ ಹೃದಯವುಳ್ಳ ಯಾವ ಶಿಶುವಿನ ಎಕೋ ವರದಿಯಾದರೂ ಸರಿ, ಎರಡೂ ಕರೊನರಿಗಳು ಎಲ್ಲಿಂದ ಹುಟ್ಟಿವೆ ಎಂಬ ಸಾಲು ಅದರಲ್ಲಿ ಇರಲೇಬೇಕು. ಆ ಸಾಲಿಲ್ಲದ ವರದಿ ಅಪೂರ್ಣ ಎಂದು ಹೇಳಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಮೂರು ಲಕ್ಷಕ್ಕೆ ಒಂದು ಎಂಬ ಲೆಕ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ನಮ್ಮ ಮುಂದಿರುವುದು ಹುಟ್ಟಿದ ಎಲ್ಲ ಮಕ್ಕಳಲ್ಲ, ಹೃದಯ ಸೋತ ಒಂದು ಶಿಶು. ಆ ಚಿಕ್ಕ ಗುಂಪಿನಲ್ಲಿ ಈ ದೋಷ ಅಷ್ಟೇನೂ ವಿರಳವಲ್ಲ.

ಸರದಿಯಲ್ಲಿ ಎರಡನೆಯದು ಕಾರ್ನಿಟೈನ್. ಹೃದಯಸ್ನಾಯು ದಿನವಿಡೀ ದುಡಿಯುವುದು ಬಹುಮಟ್ಟಿಗೆ ಕೊಬ್ಬನ್ನು ಉರಿಸಿ. ಕೊಬ್ಬಿನ ಉದ್ದ ಸರಪಳಿಗಳನ್ನು ಕೋಶದೊಳಗಿನ ಮೈಟೊಕಾಂಡ್ರಿಯಕ್ಕೆ ಹೊತ್ತೊಯ್ಯುವ ಪದಾರ್ಥ ಕಾರ್ನಿಟೈನ್. ಅದನ್ನು ಕೋಶದೊಳಕ್ಕೆ ಬಿಟ್ಟುಕೊಳ್ಳುವ ಪ್ರೋಟೀನು ಹುಟ್ಟಿನಿಂದಲೇ ಕೆಟ್ಟಿದ್ದರೆ ಕಾರ್ನಿಟೈನ್ ಮೂತ್ರದಲ್ಲಿ ಸೋರಿಹೋಗುತ್ತದೆ, ಹೃದಯ ಇಂಧನವಿಲ್ಲದೆ ಸೊರಗುತ್ತದೆ. ಟ್ರಿಪ್ ಅವರ 1981ರ ಲೇಖನದ ಶೀರ್ಷಿಕೆಯಲ್ಲೇ ಇದು ಚಿಕಿತ್ಸೆಗೆ ಬಗ್ಗುವ ಕಾಯಿಲೆ ಎಂಬ ಮಾತಿತ್ತು. ಬಾಯಿಗೆ ಹಾಕುವ ಕಾರ್ನಿಟೈನ್ ದ್ರವವನ್ನು ಜೀವನಪರ್ಯಂತ ಕೊಟ್ಟರೆ ಹೃದಯ ಮರಳಿ ಬಲಗೊಳ್ಳುತ್ತದೆ. ಪರೀಕ್ಷೆಗೆ ಬೇಕಾದದ್ದು ಫಿಲ್ಟರ್ ಕಾಗದದ ಮೇಲೆ ಒಣಗಿಸಿದ ಕೆಲವು ಹನಿ ರಕ್ತ. ಎರಡು ಎಚ್ಚರಿಕೆಗಳು ಮಾತ್ರ: ಕಾರ್ನಿಟೈನ್ ಕೊಡಲು ಶುರುಮಾಡುವುದಕ್ಕೆ ಮೊದಲೇ ರಕ್ತ ತೆಗೆಯಬೇಕು, ಮತ್ತು ತಾಯಿಯ ರಕ್ತವನ್ನೂ ನೋಡಬೇಕು, ಏಕೆಂದರೆ ಕೆಲವೊಮ್ಮೆ ಕೊರತೆ ಇರುವುದು ತಾಯಿಯಲ್ಲೇ, ಮಗು ಅದರ ನೆರಳನ್ನಷ್ಟೇ ತೋರುತ್ತಿರುತ್ತದೆ. ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದಾಗ ಮಾತ್ರ ಈ ಕಾಯಿಲೆ ಕಾಣಿಸಿಕೊಳ್ಳುವುದರಿಂದ ನಮ್ಮ ನಾಡಿಗೆ ಇದು ದೂರದ ಮಾತಲ್ಲ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ಕರ್ನಾಟಕದಲ್ಲಿ ಇನ್ನೂ ಗಟ್ಟಿಯಾಗಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿನ ಮದುವೆಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ರಕ್ತಸಂಬಂಧದೊಳಗಿನವು. ಆ ಮನೆಗಳನ್ನು ಹೀಗಳೆಯುವುದು ವೈದ್ಯರ ಕೆಲಸವಲ್ಲ. ವಂಶಾವಳಿಯನ್ನು ಕೇಳಿ ಬರೆದುಕೊಳ್ಳುವುದು, ಹಿಂದೆ ಇದೇ ರೀತಿ ತೀರಿಕೊಂಡ ಮಗುವಿದೆಯೆ ಎಂದು ವಿಚಾರಿಸುವುದು ಅವರ ಕೆಲಸ.

ಮೂರನೆಯದು ಇನ್ನೂ ಸರಳ. ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿದೆ? ವಿಟಮಿನ್ ಡಿ ತೀರ ಕಡಿಮೆಯಾಗಿ ಕ್ಯಾಲ್ಸಿಯಂ ಕುಸಿದಾಗ ಶಿಶುವಿನ ಹೃದಯ ಹಿಗ್ಗಿ ಸೋಲುತ್ತದೆ, ಎಕೋದಲ್ಲಿ ನಾವು ಈವರೆಗೆ ಹೇಳಿದ ಕಾಯಿಲೆಯಂತೆಯೇ ಕಾಣಬಲ್ಲದು. 2008ರಲ್ಲಿ ಇಂಗ್ಲೆಂಡಿನ ವೈದ್ಯರು ಇಂಥ 16 ಶಿಶುಗಳ ವಿವರ ಪ್ರಕಟಿಸಿದರು. ಎಲ್ಲರೂ ಕಪ್ಪುವರ್ಣೀಯರ ಅಥವಾ ಭಾರತ ಉಪಖಂಡದ ಮೂಲದವರ ಮಕ್ಕಳು. ಮೂವರು ತೀರಿಕೊಂಡರು, ಉಳಿದವರು ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಪಡೆದು ಚೇತರಿಸಿಕೊಂಡರು. ಬಿಸಿಲಿನ ನಾಡಿನಲ್ಲಿ ಈ ಕೊರತೆ ಎಲ್ಲಿಂದ ಎಂದು ಯಾರಾದರೂ ಕೇಳಬಹುದು. ಬಾಣಂತಿ ಕೋಣೆಯೊಳಗೆ ಬಿಸಿಲು ಬರುವುದಿಲ್ಲ, ತಾಯಿಯಲ್ಲಿ ಇಲ್ಲದ್ದು ಅವಳ ಹಾಲಿನಲ್ಲೂ ಇರುವುದಿಲ್ಲ. ಇದೇ ಜಾಡಿನ ಇನ್ನೊಂದು ಪಾಠ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಬಂದಿದೆ. ಎದೆಹಾಲು ಮಾತ್ರ ಕುಡಿಯುವ ಶಿಶುಗಳಲ್ಲಿ ಶ್ವಾಸಕೋಶದ ಧಮನಿಯ ಒತ್ತಡ ಇದ್ದಕ್ಕಿದ್ದಂತೆ ಏರಿ ಬಲ ಹೃದಯ ಸೋಲುತ್ತಿತ್ತು. ತಾಯಂದಿರು ಪಾಲಿಶ್ ಮಾಡಿದ ಅಕ್ಕಿಯ ಅನ್ನವನ್ನೇ ನಂಬಿದ ಬಾಣಂತಿ ಪಥ್ಯದಲ್ಲಿದ್ದರು. ಥಯಮಿನ್, ಅಂದರೆ ವಿಟಮಿನ್ ಬಿ1, ಕೊಟ್ಟಾಗ ಒಂದೆರಡು ದಿನಗಳಲ್ಲೇ ಮಕ್ಕಳು ಚೇತರಿಸಿಕೊಂಡರು. ಅದು ಒಳಪೊರೆಯ ಕಾಯಿಲೆಯಲ್ಲ, ಬೇರೆಯೇ ಸ್ಥಿತಿ. ಆದರೂ ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ವೈದ್ಯರು ಚಿಕಿತ್ಸೆಯಿರುವ ಕಾರಣವನ್ನು ಮೊದಲು ಕೇಳಿದರು. ಹಾಗೆ ಕೇಳಿದ್ದರಿಂದಲೇ ತೀವ್ರ ನಿಗಾ ಘಟಕದ ಹಾಸಿಗೆಗಳಿಂದ ಮಕ್ಕಳು ಮನೆಗೆ ಹೋದರು.

ತಾಯಿಯ ಪ್ರತಿಕಾಯಗಳ ವಿಷಯ ಸೂಕ್ಷ್ಮವಾದದ್ದು. ಲೂಪಸ್ ಅಥವಾ ಶೋಗ್ರೆನ್ ಎಂಬ ಸ್ವರಕ್ಷಿತ ಕಾಯಿಲೆಗಳಲ್ಲಿ, ಕೆಲವೊಮ್ಮೆ ಯಾವ ಕಾಯಿಲೆಯ ಲಕ್ಷಣವೂ ಇಲ್ಲದ ಹೆಂಗಸರಲ್ಲೂ, ರೋ ಮತ್ತು ಲಾ ಎಂಬ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳಿರುತ್ತವೆ. ಅವು ಮಾಸಿನ ಮೂಲಕ ಭ್ರೂಣಕ್ಕೆ ದಾಟಿ ಹೃದಯದ ವಿದ್ಯುತ್ ದಾರಿಯನ್ನು ಕಡಿಯಬಲ್ಲವು. ಆಗ ಹೃದಯ ತೀರ ನಿಧಾನವಾಗಿ ಬಡಿಯುತ್ತದೆ; ಇದೇ ಹೃದಯದ ತಡೆ. ಕೆಲವರಲ್ಲಿ ಒಳಪೊರೆಯೂ ದಪ್ಪವಾಗುತ್ತದೆ. ಸ್ಟಿರಾಯ್ಡ್ ಮತ್ತು ಇಮ್ಯುನೊಗ್ಲಾಬ್ಯುಲಿನ್ ಎರಡನ್ನೂ ಕೊಟ್ಟ 20 ಮಕ್ಕಳ ಸರಣಿಯೊಂದರಲ್ಲಿ 16 ಮಂದಿ ಉಳಿದು, ಅವರ ಹೃದಯದ ಕೆಲಸ ಸಹಜವಾಗಿತ್ತು ಎಂದು 2011ರ ವರದಿ ಹೇಳುತ್ತದೆ. ಹಿಂದಿನ ಬಸಿರಿನಲ್ಲಿ ಮಗುವಿಗೆ ಹೃದಯದ ತಡೆ ಬಂದಿದ್ದ ತಾಯಂದಿರಿಗೆ ಮುಂದಿನ ಬಸಿರಿನಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಕೊಟ್ಟಾಗ, ನೂರಕ್ಕೆ ಸುಮಾರು ಹದಿನೆಂಟರಷ್ಟಿದ್ದ ಮರುಕಳಿಕೆ ಏಳೂವರೆಗೆ ಇಳಿಯಿತೆಂದು 2020ರ ಅಧ್ಯಯನ ತೋರಿಸಿತು. ಪರೀಕ್ಷೆ ಮಾಡಿಸಿದರೆ ‘ತಪ್ಪು ಸೊಸೆಯದು’ ಎಂದು ಮನೆಯಲ್ಲಿ ಮಾತು ಹುಟ್ಟುವುದಿಲ್ಲವೆ ಎಂಬ ಅಳುಕು ನಮ್ಮ ವೈದ್ಯರಲ್ಲಿದೆ, ಮತ್ತು ಅದು ಸುಳ್ಳಲ್ಲ. ಆದರೆ ಉತ್ತರ ಪರೀಕ್ಷೆಯನ್ನು ಬಿಡುವುದರಲ್ಲಿಲ್ಲ, ಮಾತನ್ನು ಸರಿಯಾಗಿ ಆಡುವುದರಲ್ಲಿದೆ. ಈ ಪ್ರತಿಕಾಯವಿರುವ ತಾಯಂದಿರಲ್ಲಿ ನೂರಕ್ಕೆ ತೊಂಬತ್ತೆಂಟರಷ್ಟು ಬಸಿರುಗಳಲ್ಲಿ ಮಗುವಿನ ಹೃದಯಕ್ಕೆ ಈ ತಡೆ ಬರುವುದಿಲ್ಲ. ಅದು ಯಾರ ನಡತೆಯ ಫಲವೂ ಅಲ್ಲ. ಇದನ್ನು ಗಂಡ, ಅತ್ತೆ ಇಬ್ಬರನ್ನೂ ಕೂರಿಸಿಕೊಂಡು ಹೇಳಬೇಕು.

ಇನ್ನು, ವೈರಸ್ ಕಾರಣಗಳಲ್ಲಿ ಒಂದೆಂದು ಶಂಕಿಸಲಾದ ಮಂಗನಬಾವು. 1950 ಮತ್ತು 60ರ ದಶಕಗಳಲ್ಲಿ ಅಮೆರಿಕದಲ್ಲಿ ಸುಮಾರು 5,000 ಜನನಗಳಿಗೆ ಒಂದರಂತೆ ಈ ಬಿಳಿಯ ಪೊರೆಯ ಕಾಯಿಲೆ ಇತ್ತೆಂದು ಅಂದಾಜು. ಈಗ ಅಲ್ಲಿ ಅದು ಬಲು ವಿರಳ. 1963ರಲ್ಲಿ ನೊರೆನ್ ಮತ್ತು ಸಂಗಡಿಗರು ಈ ಮಕ್ಕಳ ಚರ್ಮ ಮಂಗನಬಾವಿನ ವೈರಸ್ಸಿಗೆ ಪ್ರತಿಕ್ರಿಯೆ ತೋರುತ್ತದೆಂದು ಬರೆದಾಗ ಅನುಮಾನ ಶುರುವಾಯಿತು. ಕೋಳಿಯ ಭ್ರೂಣಗಳಿಗೆ ಈ ವೈರಸ್ ಚುಚ್ಚಿದಾಗ ಇಂಥದ್ದೇ ಪೊರೆ ಬೆಳೆಯಿತು. 1967ರಲ್ಲಿ ಅಮೆರಿಕದಲ್ಲಿ ಲಸಿಕೆಗೆ ಒಪ್ಪಿಗೆ ಸಿಕ್ಕಿತು; ಮುಂದಿನ ದಶಕಗಳಲ್ಲಿ ಎರಡೂ ಕಾಯಿಲೆಗಳು ಜತೆಯಾಗಿ ಇಳಿದವು. 1997ರಲ್ಲಿ, ಕಾಪಿಟ್ಟಿದ್ದ 29 ಹಳೆಯ ಶವಪರೀಕ್ಷೆಯ ಮಾದರಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚಿನವುಗಳಲ್ಲಿ ಮಂಗನಬಾವಿನ ವೈರಸ್ಸಿನ ಆರ್‌ಎನ್‌ಎ ಸಿಕ್ಕಿತು. ಇದನ್ನು ಒಪ್ಪದವರು ಹೇಳುವುದಿಷ್ಟು: ಎಕೋ ಬಂದ ಮೇಲೆ ಇಂಥ ಮಕ್ಕಳನ್ನು ‘ಹಿಗ್ಗಿದ ಹೃದಯ’ ಎಂಬ ಇನ್ನೊಂದು ಪಟ್ಟಿಗೆ ಸೇರಿಸಿದ್ದರಿಂದ ಇಳಿಕೆ ಕಾಣುತ್ತಿದೆ, ಎರಡು ಗೆರೆಗಳು ಒಟ್ಟಿಗೆ ಇಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ. ಆಕ್ಷೇಪದಲ್ಲಿ ತೂಕವಿದೆ. ಆದರೆ ಪಟ್ಟಿಯ ಬದಲಾವಣೆಯಿಂದ ಹಳೆಯ ಸ್ನಾಯುವಿನೊಳಗೆ ವೈರಸ್ ಬಂದು ಕೂರುವುದಿಲ್ಲ. ಪೂರ್ಣ ಪುರಾವೆ ಅಲ್ಲದಿದ್ದರೂ, ಈ ಸಾಕ್ಷ್ಯವನ್ನು ಪಕ್ಕಕ್ಕೆ ಸರಿಸುವಂತಿಲ್ಲ. ನಮ್ಮಲ್ಲಿ ಇದರ ಅರ್ಥ ಬೇರೆ ರೀತಿಯದು. 2017ರ ಫೆಬ್ರವರಿಯಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ಮೊದಲು ಹೊರಟ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಅದು ಹೆಮ್ಮೆಯ ವಿಷಯ. ಆದರೆ ಆ ಸೂಜಿಯಲ್ಲಿ ಮಂಗನಬಾವಿನ ಲಸಿಕೆ ಇಲ್ಲ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಮೂರೂ ಸೇರಿದ ಎಂಎಂಆರ್ ಅನ್ನು ಶಿಫಾರಸು ಮಾಡುತ್ತದೆ, ದುಡ್ಡಿದ್ದವರು ಖಾಸಗಿಯಲ್ಲಿ ಹಾಕಿಸುತ್ತಾರೆ. ಮಂಗನಬಾವು ತಾನೇ ವಾಸಿಯಾಗುವ ಸಣ್ಣ ಕಾಯಿಲೆ ಎಂಬ ಲೆಕ್ಕದಲ್ಲಿ ಅದನ್ನು ಬಿಡಲಾಗಿದೆ. ಕಿವುಡು, ಮಿದುಳುಪೊರೆಯ ಉರಿಯೂತ, ವೃಷಣದ ಊತಗಳ ಜತೆಗೆ ಈ ಹೃದಯದ ಸಾಕ್ಷ್ಯವನ್ನೂ ತಕ್ಕಡಿಗೆ ಹಾಕಿ ಆ ಲೆಕ್ಕವನ್ನು ಮತ್ತೆ ಮಾಡಬೇಕೆಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಸುತ್ತುವ ಬದಲು ಹೃದಯದ ಒಂದು ಚೂರು ತೆಗೆದು ಬಯಾಪ್ಸಿ ಮಾಡಿದರೆ ಖಚಿತವಾಗುವುದಿಲ್ಲವೆ? ಪೊರೆ ದಪ್ಪವಾಗಿದೆ ಎಂಬುದು ಖಚಿತವಾಗುತ್ತದೆ, ನಿಜ. ಏಕೆ ದಪ್ಪವಾಗಿದೆ ಎಂಬುದನ್ನು ಆ ಚೂರು ಸಾಮಾನ್ಯವಾಗಿ ಹೇಳುವುದಿಲ್ಲ, ಮತ್ತು ನಾಲ್ಕೈದು ಕಿಲೊ ತೂಕದ ಮಗುವಿನ ತೆಳುವಾದ ಹೃದಯಗೋಡೆಗೆ ತೂತು ಬೀಳುವ ಅಪಾಯ ಚಿಕ್ಕದಲ್ಲ. ಎಕೋದ ಹೊಳಪನ್ನೂ ಕಣ್ಣುಮುಚ್ಚಿ ನಂಬಬಾರದು. ಯಂತ್ರದ ಗೇನ್ ಏರಿಸಿದರೆ ಯಾವ ಗೋಡೆಯಾದರೂ ಬೆಳ್ಳಗೆ ಕಾಣುತ್ತದೆ. ಗ್ಯಾಡೋಲಿನಿಯಂ ಕೊಟ್ಟು ಮಾಡುವ ಎಂಆರ್‌ಐ ನಡುವಿನ ದಾರಿ, ಆದರೆ ಶಿಶುವಿಗೆ ಅರಿವಳಿಕೆ ಬೇಕು, ಸ್ಥಿತಿ ಸುಧಾರಿಸಿದ ಮೇಲೆ ಮಾಡಬಹುದು. ಹೆಸರಿನ ಗೊಂದಲವೊಂದನ್ನೂ ಇಲ್ಲಿಯೇ ಬಿಡಿಸಬೇಕು. ಕೇರಳದ ಕರಾವಳಿಯಲ್ಲೂ ಉಗಾಂಡದಲ್ಲೂ ಕಂಡುಬರುತ್ತಿದ್ದ ಎಂಡೋಮಯೊಕಾರ್ಡಿಯಲ್ ಫೈಬ್ರೋಸಿಸ್ ಇದೇ ಒಳಪೊರೆಯ ಇನ್ನೊಂದು ಕಾಯಿಲೆ. 1948ರಲ್ಲಿ ಕಂಪಾಲದಲ್ಲಿ ಜ್ಯಾಕ್ ಡೇವಿಸ್ ವಿವರಿಸಿದ ಅದು ಸ್ವಲ್ಪ ದೊಡ್ಡ ಮಕ್ಕಳದ್ದು, ಹೃತ್ಕುಕ್ಷಿಯ ತುದಿಯನ್ನು ತುಂಬಿಬಿಡುವಂಥದ್ದು. ಎರಡನ್ನೂ ಬೆರೆಸಬಾರದು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಮಗು ಉಸಿರಿಗಾಗಿ ಒದ್ದಾಡುತ್ತಿರುವಾಗ ಕಾರಣ ಹುಡುಕುತ್ತ ಕೂರುವುದೆ ಎಂಬ ಪ್ರಶ್ನೆಗೆ ಉತ್ತರ ಸುಲಭ: ಎರಡೂ ಒಟ್ಟಿಗೆ ನಡೆಯಬೇಕು. ಆಮ್ಲಜನಕ, ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್, ರಕ್ತನಾಳ ಸಡಿಲಿಸುವ ಎನಲಾಪ್ರಿಲ್ ಬಗೆಯ ಔಷಧ, ಡಿಜಾಕ್ಸಿನ್, ಹೆಪ್ಪು ಕಟ್ಟದಂತೆ ತಡೆಯುವ ಔಷಧ, ಇವು ಕಾರಣ ಯಾವುದೇ ಇರಲಿ ಸಾಮಾನ್ಯವಾಗಿ ಬೇಕಾಗುವಂಥವು. ಕಾರಣ ಸಿಗದೆ ಉಳಿದ ಮಕ್ಕಳಿಗೆ ಇವೇ ಆಧಾರ, ಮತ್ತು ಅವರಲ್ಲಿ ಗಣನೀಯ ಭಾಗ ವರ್ಷಗಳ ಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಾರೆ. ಹೃದಯದ ಗಾತ್ರ ಸಹಜಕ್ಕೆ ಬಂತೆಂದು ಮನೆಯವರು ಔಷಧ ನಿಲ್ಲಿಸಬಾರದು. ಬೇಗ ನಿಲ್ಲಿಸಿದವರಲ್ಲಿ ಹೃದಯ ಮತ್ತೆ ಸೋತದ್ದನ್ನು ಹಳೆಯ ತಲೆಮಾರಿನ ವೈದ್ಯರು ಬಲ್ಲರು. ಡಿಜಾಕ್ಸಿನ್ ಪ್ರಮಾಣ ಮಾತ್ರ ಕೂದಲೆಳೆಯಷ್ಟು ಅಂತರದ್ದು. ಚಮಚೆಯ ಅಂದಾಜಿನಲ್ಲಿ ಅದನ್ನು ಕೊಡಲೇಬಾರದು, ಸಿರಿಂಜಿನಲ್ಲಿ ಅಳೆದು ಕೊಡುವುದನ್ನು ತಾಯಿಗೆ ಮಾಡಿ ತೋರಿಸಿಯೇ ಕಳಿಸಬೇಕು. ದೊಡ್ಡವರಿಗೆ ಒಗ್ಗಿದ್ದೆಲ್ಲ ಮಕ್ಕಳಿಗೆ ಒಗ್ಗುವುದಿಲ್ಲ ಎಂಬುದನ್ನೂ ನೆನೆಯಬೇಕು: 2007ರಲ್ಲಿ ಪ್ರಕಟವಾದ 161 ಮಕ್ಕಳ ಪ್ರಯೋಗದಲ್ಲಿ, ಸೋತ ಹೃದಯಕ್ಕೆ ದೊಡ್ಡವರಿಗೆ ಕೊಡುವ ಕಾರ್ವೆಡಿಲಾಲ್ ಔಷಧ ಒಟ್ಟಾರೆ ಗಮನಾರ್ಹ ಲಾಭ ತೋರಲಿಲ್ಲ. ಎಲ್ಲ ದಾರಿ ಮುಚ್ಚಿದಾಗ ಉಳಿಯುವುದು ಹೃದಯ ಕಸಿ. ನಮ್ಮ ರಾಜ್ಯದಲ್ಲಿ ಜೀವಸಾರ್ಥಕತೆ ಸಂಸ್ಥೆ ಅಂಗದಾನವನ್ನು ನೋಡಿಕೊಳ್ಳುತ್ತದೆ, ಆದರೆ ಶಿಶುವಿನ ಗಾತ್ರಕ್ಕೆ ಹೊಂದುವ ಹೃದಯ ಸಿಗುವುದು ತೀರ ದುರ್ಲಭ. ಹಾಗಾಗಿ ಕಸಿಯ ಪಟ್ಟಿಗೆ ಹೆಸರು ಬರೆಸುವ ಮೊದಲು ಕರೊನರಿ, ಕಾರ್ನಿಟೈನ್, ಕ್ಯಾಲ್ಸಿಯಂ ಮೂರನ್ನೂ ನೋಡಿದ್ದೇವೆಯೆ ಎಂದು ಕೇಳಿಕೊಳ್ಳುವುದು ಕರ್ತವ್ಯ.

ಕೊನೆಯ ಆಕ್ಷೇಪ ಹಣದ್ದು. ಸಂಧಿವಾತ ಜ್ವರದಿಂದ ಕವಾಟ ಕೆಟ್ಟ ಮಕ್ಕಳೇ ಸಾಲುಗಟ್ಟಿ ನಿಂತಿರುವ ನಾಡಿನಲ್ಲಿ ಇಷ್ಟು ಅಪರೂಪದ ಕಾಯಿಲೆಗೆ ಇಷ್ಟು ಯೋಚನೆ ಏಕೆ? ನಾನು ಕೇಳುತ್ತಿರುವುದು ಹೊಸ ಆಸ್ಪತ್ರೆಯನ್ನಲ್ಲ. ಇಸಿಜಿ, ಕ್ಯಾಲ್ಸಿಯಂ ಪರೀಕ್ಷೆ ಜಿಲ್ಲಾಸ್ಪತ್ರೆಗಳಲ್ಲಿ ಇವೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳಲ್ಲಿ ಹುಡುಕುವ ದೋಷಗಳಲ್ಲಿ ಹೃದಯದೋಷಗಳೂ ಸೇರಿವೆ. ಆಶಾ ಕಾರ್ಯಕರ್ತೆಯರು ಮೂರನೆಯ, ಆರನೆಯ, ಒಂಬತ್ತನೆಯ ತಿಂಗಳಿಗೆ ಮನೆಗೆ ಹೋಗುತ್ತಾರೆ. ‘ಹಾಲು ಕುಡಿಯುವಾಗ ಮಗು ಬೆವೆಯುತ್ತದೆಯಾ, ನಡುನಡುವೆ ಸುಸ್ತಾಗಿ ಬಿಡುತ್ತದೆಯಾ’ ಎಂಬ ಒಂದು ಪ್ರಶ್ನೆಯನ್ನು ಅವರ ಕೈಗೆ ಕೊಟ್ಟರೆ ಖರ್ಚೇನೂ ಇಲ್ಲ, ಮತ್ತು ಆ ಪ್ರಶ್ನೆ ಈ ಒಂದು ಕಾಯಿಲೆಯನ್ನಷ್ಟೇ ಅಲ್ಲ, ಹೃದಯದಲ್ಲಿ ರಂಧ್ರವಿರುವ ಸಾವಿರಾರು ಮಕ್ಕಳನ್ನೂ ಹಿಡಿಯುತ್ತದೆ. ಹೃದಯಸ್ನಾಯುವನ್ನು ಕೆಡಿಸುವ ಪಾಂಪೆ ಎಂಬ ಆನುವಂಶಿಕ ಕಾಯಿಲೆಯಂಥ, ದುಬಾರಿ ಚಿಕಿತ್ಸೆಯ ರೋಗಗಳಿಗೆ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ 50 ಲಕ್ಷ ರೂಪಾಯಿವರೆಗೆ ನೆರವಿದೆ, ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯೊಂದಿಗೆ ಅದರ ಉತ್ಕೃಷ್ಟತಾ ಕೇಂದ್ರವಾಗಿದೆ. ಕೊರತೆಯಿರುವುದು ತಾಲ್ಲೂಕಿನ ವೈದ್ಯರಿಗೂ ಈ ಕೇಂದ್ರಗಳಿಗೂ ನಡುವಿನ ದಾರಿಯಲ್ಲಿ.

ಎಷ್ಟು ಮಾಡಿದರೂ ಕೆಲವು ಮಕ್ಕಳು ಉಳಿಯುವುದಿಲ್ಲ. ಅಂಥ ಹೊತ್ತಿನಲ್ಲೂ ಮಾಡಬೇಕಾದ ಒಂದು ಕೆಲಸವಿದೆ, ಮತ್ತು ಅದು ಹೆಚ್ಚಾಗಿ ಬಿಟ್ಟುಹೋಗುತ್ತದೆ. ಶವಪರೀಕ್ಷೆಗೆ ನಮ್ಮ ಮನೆಗಳು ಒಪ್ಪುವುದು ಕಡಿಮೆ, ಒತ್ತಾಯಿಸುವುದೂ ಸಲ್ಲದು. ಆದರೆ ಮಗು ಬದುಕಿರುವಾಗಲೇ ಫಿಲ್ಟರ್ ಕಾಗದದ ಮೇಲೆ ಇಳಿಸಿ ಒಣಗಿಸಿದ ರಕ್ತದ ಹನಿಗಳನ್ನು, ತಂದೆ ತಾಯಿಯ ಒಪ್ಪಿಗೆ ಪಡೆದು, ಹೆಸರು ದಿನಾಂಕ ಬರೆದು ಕಾಪಿಡಬಹುದು. ಅದರಿಂದ ಡಿಎನ್‌ಎ ತೆಗೆಯಬಹುದು; ಕೆಲವು ತಿಂಗಳ ಮೇಲೆ ದುಃಖ ಸ್ವಲ್ಪ ತಗ್ಗಿದಾಗ ಆ ದಂಪತಿಯನ್ನು ಕರೆಸಿ ಏನಾಗಿತ್ತೆಂದು ಹೇಳಬಹುದು. ಆಕೆ ಮತ್ತೆ ಬಸುರಾದರೆ ಹದಿನಾರನೆಯ ವಾರದಿಂದಲೇ ಭ್ರೂಣದ ಎಕೋ ಮಾಡಿಸಬೇಕೆ, ಹುಟ್ಟಿದ ದಿನವೇ ಮಗುವಿನ ಕಾರ್ನಿಟೈನ್ ನೋಡಬೇಕೆ, ಅಥವಾ ಯಾವ ಭಯವೂ ಇಲ್ಲದೆ ಇರಬಹುದೆ ಎಂಬುದು ಆ ಕಾಗದದಿಂದ ತಿಳಿಯುವ ಸಾಧ್ಯತೆ ಇದೆ. ಮಕ್ಕಳ ತೀವ್ರ ನಿಗಾ ಘಟಕವಿರುವ ನಮ್ಮ ಪ್ರತಿ ಆಸ್ಪತ್ರೆಯಲ್ಲೂ ಆ ಕಾಗದವೂ ಅದನ್ನು ಇಡುವ ಒಂದು ಫ್ರಿಜ್ಜಿನ ಮೂಲೆಯೂ ಇರಬೇಕು.